ಅಂಗಳಕ್ಕೆ ಬಂದ ವಿಜ್ಞಾನ

ಪ್ರತಿ ವರ್ಷ ಫೆಬ್ರುವರಿ 28 ಬಂತೆಂದರೆ ನಮ್ಮ ಶಾಲೆಗಳಲ್ಲಿ ಎಲ್ಲಿಲ್ಲದ ಸಡಗರ. ಥರ್ಮೊಕೋಲಿನ ಜ್ವಾಲಾಮುಖಿ, ಬಣ್ಣದ ಚೆಂಡುಗಳ ಸೌರವ್ಯೂಹ, ಬ್ಯಾಟರಿ ಹಾಕಿದರೆ ತಿರುಗುವ ಗಾಳಿಯಂತ್ರ ಎಲ್ಲವೂ ಮೇಜಿನ ಮೇಲೆ ಸಾಲಾಗಿ ಕೂರುತ್ತವೆ. 1928ರಲ್ಲಿ ಅದೇ ದಿನ ಸರ್ ಸಿ. ವಿ. ರಾಮನ್ ಅವರು ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದರು. 1987ರಿಂದ ಅದು ರಾಷ್ಟ್ರೀಯ ವಿಜ್ಞಾನ ದಿನ. ಅತಿಥಿಗಳು ಬರುತ್ತಾರೆ, ಭಾಷಣವಾಗುತ್ತದೆ, ಬಹುಮಾನ ಹಂಚುತ್ತಾರೆ. ಸಂಜೆ ಮನೆಗೆ ಹೋದ ಹುಡುಗಿಯನ್ನು ತಾಯಿ ಕೇಳುವುದು ಒಂದೇ ಮಾತು: "ಏನ ಬಂತವ್ವಾ, ಫಸ್ಟೋ ಸೆಕೆಂಡೋ?" ಏನು ಮಾಡಿದೆ, ಅದು ಹೇಗೆ ತಿರುಗುತ್ತದೆ ಎಂದು ಕೇಳುವವರು ಕಡಿಮೆ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಆ ಮೇಜಿನ ಹತ್ತಿರಕ್ಕೆ ಅವಳನ್ನು ಯಾರೂ ಕರೆದಿರುವುದಿಲ್ಲ.

ವಿಜ್ಞಾನವನ್ನು ಜನರ ಬಳಿಗೆ ಒಯ್ಯಬೇಕೆಂಬ ಮಾತು ನಮ್ಮಲ್ಲಿ ಹೊಸದಲ್ಲ. ನೂರೈವತ್ತು ವರ್ಷಗಳಿಂದ ಯಾರಾದರೊಬ್ಬರು ಆ ಕೆಲಸವನ್ನು ಮಾಡುತ್ತಲೇ ಬಂದಿದ್ದಾರೆ. ಆ ಕಥೆಯನ್ನು ಓದುವಾಗಲೆಲ್ಲ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇದೆಲ್ಲ ನಡೆಯುವಾಗ ಮನೆಯ ಹೆಣ್ಣುಮಗಳು ಎಲ್ಲಿ ನಿಂತಿದ್ದಳು?

1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣವಾಯಿತು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅದನ್ನು ನೋಡಲು ಉಪಕರಣಗಳೊಡನೆ ಬಂದು ಇಳಿದದ್ದು ನಮ್ಮ ಜಮಖಂಡಿಯಲ್ಲಿ. ಮೂರು ವರ್ಷದ ಮೇಲೆ, 1871ರ ಡಿಸೆಂಬರ್ 12ರ ಗ್ರಹಣಕ್ಕೆ ನಾರ್ಮನ್ ಲಾಕಿಯರ್ ಎಂಬ ವಿಜ್ಞಾನಿ ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ಬೇಕಲ ಕೋಟೆಗೆ ಬಂದರು. ಗ್ರಹಣ ನಮ್ಮ ನೆಲದ ಮೇಲಾದರೂ ಅದನ್ನು ಅಳೆಯುವ ಅಧಿಕಾರ ದೂರದಿಂದ ಬಂದವರದ್ದಾಗಿತ್ತು.

ಅದೇ ಕಾಲದಲ್ಲಿ ಬೇರೆ ಬಗೆಯಲ್ಲಿ ಯೋಚಿಸಿದವರೂ ಇದ್ದರು. ಮದರಾಸು ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ ಅವರು 1874ರ ಶುಕ್ರ ಸಂಕ್ರಮಣವನ್ನು, ಅಂದರೆ ಸೂರ್ಯಬಿಂಬದ ಮೇಲೆ ಶುಕ್ರಗ್ರಹ ಚುಕ್ಕೆಯಂತೆ ಹಾದುಹೋಗುವುದನ್ನು, ಜನರಿಗೆ ತಿಳಿಸಲು ಸಂವಾದದ ರೂಪದಲ್ಲಿ ಒಂದು ಪುಸ್ತಿಕೆ ಬರೆದರು. ಅದು ಕನ್ನಡದಲ್ಲೂ ಅಚ್ಚಾಯಿತು. ಆಕಾಶದಲ್ಲಿ ಇಂಥದು ನಡೆಯುತ್ತದೆ, ನೀವೂ ನೋಡಿ ಎಂದು ಕನ್ನಡದಲ್ಲಿ ಕರೆದ ಮೊದಮೊದಲ ಕರೆಗಳಲ್ಲಿ ಇದೊಂದು. ಆದರೆ ಆಗ ಓದು ಬಲ್ಲ ಹೆಂಗಸರು ಎಷ್ಟು ಮಂದಿ?

ಮುಂದೆ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಸೇರಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಎರಡೇ ವರ್ಷ ನಡೆದರೂ ಕನ್ನಡದಲ್ಲಿ ವಿಜ್ಞಾನ ಬರೆಯಬಹುದೆಂಬ ಧೈರ್ಯ ಕೊಟ್ಟು ಹೋಯಿತು. ರಾಮನ್ ಅವರು ತಮ್ಮ ಶೋಧವನ್ನು ಸಭೆಯ ಮುಂದೆ ವಿವರಿಸಿದ್ದು ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು. ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ'ದ ಸಂಪುಟಗಳನ್ನು ಒಬ್ಬರೇ ಕೂತು ಬರೆದರು. 1962ರಲ್ಲಿ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಾರ ವಾರವೂ ಸಾರ್ವಜನಿಕ ಉಪನ್ಯಾಸಗಳನ್ನು ನಡೆಸಿದರು; ಆಮೇಲೆ ವರ್ಷಕ್ಕೊಮ್ಮೆ ವಿಜ್ಞಾನೋತ್ಸವವೂ ಸೇರಿತು. ಯಾರು ಬೇಕಾದರೂ ಬರಬಹುದು, ಚೀಟಿಯಿಲ್ಲ, ಶುಲ್ಕವಿಲ್ಲ. ಪ್ರಶ್ನೆ ಕೇಳುವುದನ್ನು ಒಂದು ನಗರಕ್ಕೆ ರೂಢಿ ಮಾಡಿಸಿದ ದೊಡ್ಡವರು ಅವರು.

ಇವರೆಲ್ಲರ ಋಣ ನಮ್ಮ ಮೇಲಿದೆ. ಆದರೂ ಒಂದು ಮಾತು ಹೇಳಲೇಬೇಕು. ಉಪನ್ಯಾಸ ನಡೆಯುವುದು ಸಂಜೆ. ಸಂಜೆಯೆಂದರೆ ದೀಪ ಹಚ್ಚುವ ಹೊತ್ತು, ಒಲೆ ಹೊತ್ತಿಸುವ ಹೊತ್ತು, ಮಕ್ಕಳ ಅಭ್ಯಾಸದ ಹೊತ್ತು. ಎಲ್ಲರಿಗೂ ತೆರೆದ ಬಾಗಿಲಿನೊಳಗೆ ಹೋಗಲೂ ಮನೆಯಲ್ಲೊಬ್ಬರು ಬೇಳೆ ಬೇಯಿಸಬೇಕಲ್ಲ!

ಇನ್ನು ನನ್ನ ಕಾಲದ ಮಾತಿಗೆ ಬರುತ್ತೇನೆ. 1980ರ ಫೆಬ್ರುವರಿ 16, ಶನಿವಾರ. ಅಂದಿನ ಖಗ್ರಾಸ ಗ್ರಹಣದ ನೆರಳು ಅಂಕೋಲೆಯ ಕಡೆಯಿಂದ ನೆಲಕ್ಕೆ ಬಂದು ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದು ಆಂಧ್ರಕ್ಕೆ ಹೋಯಿತು. ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟಿದ್ದರು. ದೇಶವಿದೇಶದ ವಿಜ್ಞಾನಿಗಳು ಎರಡು ನಿಮಿಷ ಚಿಲ್ಲರೆಯ ಆ ಕತ್ತಲೆಗಾಗಿ ತಿಂಗಳುಗಟ್ಟಲೆ ತಯಾರಿ ನಡೆಸಿದ್ದರು. ಕತ್ತಲೆ ಯಾರ ತಲೆಯ ಮೇಲೆ ಬಂತೋ ಆ ನಾವು ಮಾತ್ರ ಕದ ಹಾಕಿಕೊಂಡು ಒಳಗಿದ್ದೆವು.

ಆಗ ನನಗೆ ಹತ್ತು ವರ್ಷ. ಗದಗಿನ ಹತ್ತಿರದ ನಮ್ಮೂರಿನಲ್ಲಿ ಮಧ್ಯಾಹ್ನವೇ ಅಂಗಡಿಗಳೆಲ್ಲ ಮುಚ್ಚಿ ಬೀದಿ ಬಣಗುಟ್ಟುತ್ತಿತ್ತು. ಆಯಿ ಉಪ್ಪಿನಕಾಯಿಯ ಭರಣಿಗೂ ನೀರಿನ ಹಂಡೆಗೂ ದರ್ಭೆ ಹಾಕಿಸಿದ್ದಳು. ಬಸುರಿಯಾಗಿದ್ದ ನಮ್ಮ ಕಾಕಿಯನ್ನು ನಡುಮನೆಯ ಕತ್ತಲೆ ಕೋಣೆಯಲ್ಲಿ ಮಲಗಿಸಿ, "ಕೈಕಾಲು ಮಡಚಬ್ಯಾಡ, ನೀರು ಕುಡೀಬ್ಯಾಡ" ಎಂದು ಹೇಳಿದ್ದರು. ನಾಲ್ಕು ಗಂಟೆಗೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಹೊರಗೆ ಗುಬ್ಬಿಗಳು ಗದ್ದಲವೆಬ್ಬಿಸಿ ಒಮ್ಮೆಲೇ ಸುಮ್ಮನಾದವು. ನಾನು ನೋಡಿದ ಗ್ರಹಣ ಇಷ್ಟೇ: ಪಡುವಣ ಕಿಟಕಿಯ ಮುಚ್ಚಿದ ಕದದಲ್ಲಿ ಮೊಳೆ ಕಿತ್ತ ಒಂದು ತೂತಿತ್ತು. ದಿನಾ ಅದರಿಂದ ನೆಲದ ಮೇಲೆ ಒಂದು ದುಂಡನೆಯ ಬೆಳಕಿನ ಚುಕ್ಕೆ ಬೀಳುತ್ತಿತ್ತು. ಅಂದು ಆ ಚುಕ್ಕೆ ಸವೆಯುತ್ತ ಸವೆಯುತ್ತ ಕತ್ತರಿಸಿದ ಉಗುರಿನಂತಾಗಿ ಆರಿಹೋಯಿತು. ಆಯಿಗೆ ತೋರಿಸಿದರೆ ಅವಳು ಬಾಗಿ ನೋಡಿ, "ಎಲಾ ಇದರ, ಒಳಗೂ ಬಂತಲ್ಲ!" ಎಂದಳು. ಸಣ್ಣ ರಂಧ್ರದಿಂದ ಬೀಳುವ ದುಂಡು ಬೆಳಕೆಂದರೆ ಸೂರ್ಯನದೇ ಬಿಂಬವೆಂದು ನನಗೆ ಅರ್ಥವಾಗಲು ಮುಂದೆ ಬಿ.ಎಡ್. ಓದಬೇಕಾಯಿತು.

ನಮ್ಮ ಕಾಕಿಯಂಥವರು ಅಂದು ಎಷ್ಟು ಮನೆಗಳಲ್ಲಿ ಬಾಯಾರಿ ಮಲಗಿದ್ದರೋ! ಗ್ರಹಣ ಕಂಡರೆ, ಆ ಹೊತ್ತಿನಲ್ಲಿ ಈಳಿಗೆ ಹಿಡಿದರೆ ಮಗುವಿನ ತುಟಿ ಸೀಳುತ್ತದೆ ಎಂಬುದು ಭಯ. ಸೀಳುತುಟಿಯ ಮಗುವನ್ನು ಗ್ರಹಣ ಬಡಿದ ಕೂಸು ಎಂದೇ ಕರೆಯುತ್ತಾರೆ. ಜೀವನವಿಡೀ ತಾಯಿಯನ್ನು ದೂರುತ್ತಾರೆ. ವೈದ್ಯರು ಹೇಳುವುದು ಬೇರೆ. ಮಗುವಿನ ತುಟಿ ಕೂಡಿಕೊಳ್ಳುವುದು ಬಸಿರಿನ ನಾಲ್ಕರಿಂದ ಏಳನೆಯ ವಾರದೊಳಗೆ, ಅಂಗುಳ ಒಂಬತ್ತನೆಯ ವಾರದ ಸುಮಾರಿಗೆ. ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂದು ಗೊತ್ತಾಗುವ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ. ಏಳೋ ಎಂಟೋ ತಿಂಗಳಲ್ಲಿ ಬರುವ ಗ್ರಹಣ ಆಗಲೇ ಕೂಡಿದ ತುಟಿಯನ್ನು ಸೀಳುವುದು ಹೇಗೆ? ವಂಶವಾಹಿಗಳು, ಗರ್ಭಿಣಿಯ ಆಹಾರದಲ್ಲಿ ಫೋಲಿಕ್ ಆಮ್ಲದ ಕೊರತೆ, ತಂಬಾಕು, ಕೆಲವು ಔಷಧಿಗಳು - ಕಾರಣಗಳನ್ನು ಹುಡುಕಬೇಕಾದದ್ದು ಇಲ್ಲಿ. ಗ್ರಹಣದಿಂದ ಬಸುರಿಗೆ ಕೇಡಿಲ್ಲ. ತಾಸುಗಟ್ಟಲೆ ನೀರು ಕುಡಿಯದೆ ಮಲಗಿದರೆ ಕೇಡಿದೆ.

ಇಂಥ ಮಾತನ್ನು ಮನೆಮನೆಗೆ ತಲುಪಿಸುವವರು ಯಾರು? ಕನ್ನಡದ ಮಟ್ಟಿಗೆ 'ಬಾಲ ವಿಜ್ಞಾನ' ಮಾಸಪತ್ರಿಕೆ 1978ರಲ್ಲಿ ಹುಟ್ಟಿತ್ತು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪನೆಯಾಯಿತು. ಜೆ. ಆರ್. ಲಕ್ಷ್ಮಣರಾವ್, ಅಡ್ಯನಡ್ಕ ಕೃಷ್ಣಭಟ್ ಅವರಂಥ ಮೇಷ್ಟರುಗಳು ಸರಳ ಕನ್ನಡದಲ್ಲಿ ಬರೆದರು. ಪಕ್ಕದ ಕೇರಳದಲ್ಲಿ ಶಾಸ್ತ್ರಸಾಹಿತ್ಯ ಪರಿಷತ್ತಿನವರು 1980ರಲ್ಲಿ ಹಾಡು, ನಾಟಕಗಳ ಕಲಾಜಾಥಾ ಹೊರಡಿಸಿ ಊರೂರು ತಿರುಗಿದರು. ಅದರ ಮಾದರಿಯಲ್ಲಿ 1987ರ ಅಕ್ಟೋಬರ್ 2ರಂದು ಭಾರತ ಜನವಿಜ್ಞಾನ ಜಾಥಾ ಹೊರಟಿತು. ದೇಶದ ಐದು ದಿಕ್ಕುಗಳಿಂದ ಬಂದ ತಂಡಗಳು ನವೆಂಬರ್ 7ರಂದು, ರಾಮನ್ ಅವರ ಹುಟ್ಟುಹಬ್ಬದ ದಿನ, ಭೋಪಾಲದಲ್ಲಿ ಕೂಡಿದವು. ಮೂರು ವರ್ಷದ ಹಿಂದೆಯಷ್ಟೇ ವಿಷಾನಿಲಕ್ಕೆ ಸಾವಿರಾರು ಜನ ಬಲಿಯಾದ ಊರು ಅದು. ವಿಜ್ಞಾನ ಯಾರಿಗಾಗಿ ಎಂಬ ಪ್ರಶ್ನೆಗೆ ಅದಕ್ಕಿಂತ ತಕ್ಕ ಜಾಗ ಇನ್ನೊಂದಿರಲಿಲ್ಲ.

1990ರ ನಂತರ ಸಾಕ್ಷರತೆಯ ಜಾಥಾಗಳು ನಮ್ಮ ಕಡೆಗೂ ಬಂದವು. ಸಭಾಂಗಣಕ್ಕೆ ಹೋಗದ ಹೆಂಗಸರು ಗುಡಿಯ ಕಟ್ಟೆಯ ಹತ್ತಿರ, ಬಾವಿಯ ಹತ್ತಿರ ನಿಂತು ನಾಟಕ ನೋಡಿದರು. ಸೊಂಟದಲ್ಲಿ ಕೊಡವಿದ್ದರೂ ನಿಂತರು. ವಿಜ್ಞಾನ ಹೊಸಿಲಿನ ಸಮೀಪಕ್ಕೆ ಬಂದಿತ್ತು. ಆದರೂ ಅವರು ಇನ್ನೂ ನೋಡುಗರೇ. ಕೈಯಲ್ಲಿ ಮಾಡಲು ಏನೂ ಇರಲಿಲ್ಲ.

ಕೈಗೆ ಏನಾದರೂ ಸಿಕ್ಕರೆ ಏನಾಗುತ್ತದೆ ಎಂಬುದನ್ನು 1995 ನಮಗೆ ತೋರಿಸಿತು. ಆ ವರ್ಷದ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆಂಬ ಸುದ್ದಿ ಒಂದೇ ದಿನದಲ್ಲಿ ದೇಶವನ್ನೆಲ್ಲ ಸುತ್ತಿತು. ನಮ್ಮ ಓಣಿಯ ಹೆಂಗಸರೆಲ್ಲ ಲೋಟದಲ್ಲಿ ಹಾಲು, ಒಂದು ಚಮಚ ಹಿಡಿದು ಸಾಲುಗಟ್ಟಿದರು. ವಿಜ್ಞಾನಿಗಳು ಸುಮ್ಮನೆ ಕೂರದೆ ಹಾಲಿಗೆ ಬಣ್ಣ ಬೆರೆಸಿ ತೋರಿಸಿದರು. ಚಮಚದ ಅಂಚಿನ ಹಾಲು ಮೂರ್ತಿಗೆ ತಾಕಿದ ಕೂಡಲೇ ಮೇಲ್ಮೈ ಎಳೆತದಿಂದ ಕಲ್ಲಿನ ಕಡೆ ಸೆಳೆಯಲ್ಪಡುತ್ತದೆ, ತೆಳ್ಳನೆಯ ಪದರವಾಗಿ ಕೆಳಗೆ ಇಳಿಯುತ್ತದೆ. ಬಿಳಿ ಕಲ್ಲಿನ ಮೇಲೆ ಬಿಳಿ ಹಾಲು ಕಾಣುವುದಿಲ್ಲ, ಬಣ್ಣದ ಹಾಲು ಕಾಣುತ್ತದೆ.

ಆ ದಿನವನ್ನು ನೆನೆದು ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಆ ಸಾಲಿನಲ್ಲಿ ನಿಂತ ಪ್ರತಿಯೊಬ್ಬಳೂ ತನ್ನ ಕೈಯಾರೆ ಮಾಡಿ, ತನ್ನ ಕಣ್ಣಾರೆ ನೋಡಲು ಬಂದವಳು. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಹೆಂಗಸರು ಒಂದೇ ದಿನ ಒಂದೇ ಪರೀಕ್ಷೆ ಮಾಡಿದ್ದು ಇನ್ನೆಲ್ಲಿ ಕಂಡೇವು? ಕೊರತೆಯಿದ್ದದ್ದು ಎರಡನೆಯ ಹೆಜ್ಜೆಯದು: ಅದೇ ಚಮಚವನ್ನು ಮನೆಯ ರುಬ್ಬುಗುಂಡಿಗೂ ಹಿಡಿದು ನೋಡುವುದು. ಅದನ್ನು ಹೇಳಿಕೊಡುವವರು ಓಣಿಯಲ್ಲಿ ಇರಲಿಲ್ಲ. ಒಂದು ತಿಂಗಳ ಮೇಲೆ, ಅಕ್ಟೋಬರ್ 24ರಂದು, ಉತ್ತರ ಭಾರತದಲ್ಲಿ ಖಗ್ರಾಸ ಗ್ರಹಣವಾದಾಗ ದೂರದರ್ಶನ ಅದನ್ನು ನೇರವಾಗಿ ತೋರಿಸಿತು. ಕದ ಹಾಕಿಕೊಂಡ ಮನೆಗಳಲ್ಲೂ ಟಿ.ವಿ. ಹಚ್ಚಿದ್ದರು. ಕಣ್ಣಿಗೆ ಧೈರ್ಯ ಬಂತು; ಕಾಲು ಇನ್ನೂ ಹೊಸಿಲು ದಾಟಲಿಲ್ಲ.

ಸ್ಪರ್ಧೆಗಳ ಮಾತಿಗೆ ಬಂದರೆ ನನಗೆ ಬಹಳ ಮೆಚ್ಚುಗೆಯಾದದ್ದು 1993ರಲ್ಲಿ ದೇಶದ ಮಟ್ಟದಲ್ಲಿ ಆರಂಭವಾದ ಮಕ್ಕಳ ವಿಜ್ಞಾನ ಸಮಾವೇಶ. ನಮ್ಮ ರಾಜ್ಯದಲ್ಲಿ ಅದನ್ನು ನಡೆಸುವ ಹೊಣೆ ವಿಜ್ಞಾನ ಪರಿಷತ್ತಿನದು. ಹತ್ತರಿಂದ ಹದಿನೇಳು ವರ್ಷದ ಮಕ್ಕಳು ಗುಂಪು ಕಟ್ಟಿಕೊಂಡು ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಆರಿಸಿಕೊಂಡು, ಅಳೆದು, ಕೇಳಿ, ಬರೆದು, ತಮ್ಮ ಭಾಷೆಯಲ್ಲೇ ಮಂಡಿಸಬೇಕು. ಥರ್ಮೊಕೋಲಿನ ಮಾದರಿಯನ್ನು ಅಂಗಡಿಯಿಂದ ತರಬಹುದು. ಅಪ್ಪ ರಾತ್ರಿ ಕೂತು ಮಾಡಿಕೊಡಬಹುದು. ಊರಿನ ಲೆಕ್ಕ ಅಂಗಡಿಯಲ್ಲಿ ಸಿಗುವುದಿಲ್ಲ.

ನಮ್ಮ ಶಾಲೆಯ ಐದು ಹುಡುಗಿಯರು ಒಂದು ವರ್ಷ ನೀರಿನ ವಿಷಯ ತೆಗೆದುಕೊಂಡರು. ನಳಕ್ಕೆ ಎಂಟು ಹತ್ತು ದಿನಕ್ಕೊಮ್ಮೆ ನೀರು ಬರುವ ಊರು ನಮ್ಮದು. ಒಂದು ಮನೆಗೆ ದಿನಕ್ಕೆ ಎಷ್ಟು ಕೊಡ ಬೇಕು, ಯಾರು ಹೊರುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮನೆಮನೆ ಸುತ್ತಿ ಬರೆಯುವುದು ಅವರ ಕೆಲಸ. ಎರಡನೆಯ ದಿನವೇ ಒಬ್ಬಳ ತಾಯಿ ಅವರ ವಹಿ ನೋಡಿ, "ಅಲ್ರವ್ವಾ, ಕೊಡ ಕೊಡ ಅಂತ ಬರದೀರಿ. ಪ್ಲಾಸ್ಟಿಕ್ ಕೊಡಕ್ಕ ಬ್ಯಾರೆ, ಸ್ಟೀಲಿನ ಕೊಡಕ್ಕ ಬ್ಯಾರೆ ಹಿಡೀತದ. ಮೊದಲ ಅದನ್ನ ಅಳೀರಿ" ಎಂದಳು. ಆಕೆ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅಳತೆಯ ಮಾನ ಒಂದೇ ಇರಬೇಕೆಂಬ, ನಾನು ಕರಿಹಲಗೆಯ ಮೇಲೆ ಬರೆಯುವ ಪಾಠವನ್ನು ಬಚ್ಚಲುಮನೆಯಲ್ಲಿ ನಿಂತು ಹೇಳಿದಳು. ಹುಡುಗಿಯರು ಲೀಟರಿನ ಡಬ್ಬಿ ಹಿಡಿದು ಕೊಡಗಳನ್ನೆಲ್ಲ ಅಳೆದು ಮತ್ತೆ ಮೊದಲಿನಿಂದ ಬರೆದರು. ಜಿಲ್ಲಾ ಮಟ್ಟದಿಂದ ಮುಂದೆ ಅವರು ಹೋಗಲಿಲ್ಲ. ಆದರೆ ಆ ವರ್ಷ ಯಾವ ತಾಯಿಯೂ ಫಸ್ಟೋ ಸೆಕೆಂಡೋ ಎಂದು ಕೇಳಲಿಲ್ಲ. "ನಮ್ಮ ಲೆಕ್ಕ ಓದಿದಾಗ ಏನಂದ್ರು?" ಎಂದು ಕೇಳಿದರು. 'ನಮ್ಮ' ಎಂಬ ಆ ಒಂದು ಮಾತು ನನ್ನ ಕಿವಿಯಲ್ಲಿ ಉಳಿದಿದೆ.

2019ರ ಡಿಸೆಂಬರ್ 26ರಂದು ಬೆಳಗ್ಗೆ ಕಾಸರಗೋಡು, ಕೊಡಗಿನ ದಕ್ಷಿಣದ ಊರುಗಳಲ್ಲಿ ಕಂಕಣ ಗ್ರಹಣ. ನಮ್ಮಲ್ಲಿ ಪಾರ್ಶ್ವವೇ ಆದರೂ ಸೂರ್ಯನ ಹೆಚ್ಚಿನ ಭಾಗ ಮುಚ್ಚಿತ್ತು. ಅದೇ ದಿನ ಕಲಬುರಗಿ ಜಿಲ್ಲೆಯಲ್ಲಿ ಅಂಗವಿಕಲ ಮಕ್ಕಳನ್ನು ಗುಣವಾಗುತ್ತದೆಂಬ ನಂಬಿಕೆಯಿಂದ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹುಗಿದು ನಿಲ್ಲಿಸಿದ್ದು ಪತ್ರಿಕೆಗಳಲ್ಲಿ ಬಂತು. ಹುಗಿದವರು ಶತ್ರುಗಳಲ್ಲ, ಹೆತ್ತವರು. ಆ ತಾಯಂದಿರಿಗೆ ಬೇರೆ ದಾರಿ ತೋರಿಸುವವರು ಅಲ್ಲಿಗೆ ತಲುಪಿರಲಿಲ್ಲ. 1868ರಿಂದ ಬಂದ ಕಥೆ 2019ರಲ್ಲೂ ಆ ಮನೆಗಳ ತನಕ ಹೋಗಿರಲಿಲ್ಲ.

ಅಂದು ನಮ್ಮ ಶಾಲೆಗೆ ಬಂದ ಮಕ್ಕಳು ಕಾಲುಭಾಗ. ಕೆಲವು ತಾಯಂದಿರು ಮಕ್ಕಳನ್ನು ವಾಪಸು ಕರೆದೊಯ್ಯಲು ಬಂದರು. ಶಾಲೆಯ ಅಂಗಳದಲ್ಲಿ ಬೇವಿನ ಮರವಿದೆ. ಎಲೆಗಳ ಸಂದಿನಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ ತಳೆದು ನೆಲದ ತುಂಬ ಹರಡಿದ್ದವು. ಸೂರ್ಯನನ್ನು ಬರಿಗಣ್ಣಿನಿಂದಾಗಲಿ, ಎಕ್ಸ್-ರೇ ಹಾಳೆಯಿಂದಾಗಲಿ, ಮಸಿ ಹಚ್ಚಿದ ಗಾಜಿನಿಂದಾಗಲಿ ನೋಡಬಾರದು, ನೆಲದ ಮೇಲಿನ ಬಿಂಬ ನೋಡಲು ಯಾವ ಅಪಾಯವೂ ಇಲ್ಲ ಎಂದು ಹೇಳಿದೆ. ಎದುರು ಮನೆಯ ಹಿರಿಯರೊಬ್ಬರು ಒಳಗೆ ಹೋಗಿ ಬೂಂದಿ ಕರಿಯುವ ತೂತಿನ ಸೌಟು ತಂದರು. ಅದನ್ನು ಬಿಸಿಲಿಗೆ ಹಿಡಿದರೆ ಗೋಡೆಯ ಮೇಲೆ ಸಾಲು ಸಾಲು ಪುಟ್ಟ ಸೂರ್ಯರು, ಎಲ್ಲರಿಗೂ ಒಂದೇ ಕಡೆ ಕಚ್ಚಿದ ಗುರುತು! ಅವರು ತಿರುಗಿ, ಬಾಗಿಲ ಮರೆಯಲ್ಲಿ ನಿಂತಿದ್ದ ಆರು ತಿಂಗಳ ಬಸುರಿ ಸೊಸೆಯನ್ನು, "ಬಾರವ್ವಾ, ಗೋಡೀನ ನೋಡೂದೈತಿ" ಎಂದು ಕರೆದರು. ಆಕೆ ಬಂದು ನೋಡಿದಳು. ಮುಂದೆ ಹೆರಿಗೆ ಸುಖವಾಗಿ ಆಯಿತು. ಒಂದು ಮಗು ಚೆನ್ನಾಗಿ ಹುಟ್ಟಿದ್ದರಿಂದ ಏನೂ ರುಜುವಾಗುವುದಿಲ್ಲವೆಂದು ನನಗೆ ಗೊತ್ತು. ಆದರೆ ಆ ಸೊಸೆ ಅಂದು ಹಸಿದು, ಹೆದರಿ ಮಲಗಲಿಲ್ಲ. ಅಷ್ಟು ಮಾತ್ರ ನಿಶ್ಚಯ.

ಅದೇ ದಿನ ಊರಿನಲ್ಲಿ ಪರಾತದ ನೀರಿನಲ್ಲಿ ಒನಕೆ ತಾನಾಗಿ ನಿಂತಿತೆಂದು ದೊಡ್ಡ ಸುದ್ದಿ. ಗ್ರಹಣ ಬಿಟ್ಟ ಕೂಡಲೇ ಬೀಳುತ್ತದೆಂಬುದು ನಂಬಿಕೆ. ಮುಂದಿನ ಸೋಮವಾರ ಮಕ್ಕಳಿಗೆ ಮನೆಯ ಒನಕೆ ತರಲು ಹೇಳಿದೆವು. ಒನಕೆಯ ಹಿಂದೆ ಒನಕೆಯ ಒಡತಿಯರೂ ಬಂದರು. ಗ್ರಹಣವಿಲ್ಲ, ಅಮಾವಾಸ್ಯೆಯಿಲ್ಲ, ನಿಧಾನವಾಗಿ ನೆಟ್ಟಗೆ ಹಿಡಿದು ಕೈ ಬಿಟ್ಟರೆ ಒನಕೆ ನಿಂತಿತು. ಕಬ್ಬಿಣದ ಕಟ್ಟು ಹಾಕಿದ ಬುಡ ಸಮನಾಗಿದ್ದರೆ ಅದು ನಿಲ್ಲಲೇಬೇಕು. ಬುಡ ಸವೆದ ಒನಕೆ ಬಿತ್ತು. ಒಬ್ಬರು ಹೇಳಿದರು: "ಹೌದಲ್ರೀ ಅಕ್ಕೋರೆ, ಇಷ್ಟು ವರ್ಷ ಗ್ರಹಣದ ದಿನ ಬಿಟ್ಟು ಬ್ಯಾರೆ ದಿನ ಯಾರೂ ನಿಲ್ಲಿಸಿ ನೋಡೇ ಇಲ್ಲ." ಹಾಲಿನ ದಿನ ಕೊರತೆಯಾಗಿದ್ದ ಎರಡನೆಯ ಹೆಜ್ಜೆ ಇದೇ. ಬೇರೆ ದಿನವೂ ಮಾಡಿ ನೋಡುವುದು. ಅದಕ್ಕೆ ಪ್ರಯೋಗಾಲಯ ಬೇಡ, ಬಹುಮಾನ ಬೇಡ.

ವಿಜ್ಞಾನದ ಹಬ್ಬಗಳನ್ನು ನಡೆಸುವವರು ಸಭಾಂಗಣ ತುಂಬಿತೇ, ಎಷ್ಟು ಶಾಲೆಗಳು ಬಂದವು ಎಂದು ಎಣಿಸುತ್ತಾರೆ. ಎಣಿಸಲಿ. ಅದರ ಜೊತೆಗೆ ಇನ್ನೊಂದನ್ನೂ ಎಣಿಸಬೇಕು: ಮನೆಯಲ್ಲಿರುವ ಎಷ್ಟು ಹೆಣ್ಣುಮಕ್ಕಳ ಕೈಗೆ ಅಂದು ಏನಾದರೂ ಕೆಲಸ ಸಿಕ್ಕಿತು? ಹೊತ್ತು ಅವರಿಗೆ ಅನುಕೂಲದ ಹೊತ್ತಾಗಿರಬೇಕು, ಜಾಗ ಅವರ ಓಣಿಯಾಗಿರಬೇಕು, ಸಲಕರಣೆ ಅವರ ಮಾಡದಲ್ಲೇ ಇರುವಂಥದ್ದಾಗಿರಬೇಕು.

ಗ್ರಹಣಕ್ಕಾಗಿ ಕಾಯಬೇಕಾಗಿಯೂ ಇಲ್ಲ. ಕರ್ನಾಟಕದ ಪ್ರತಿ ಊರಿನಲ್ಲೂ ವರ್ಷಕ್ಕೆ ಎರಡು ದಿನ ನಡುಹಗಲಿನಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬಂದು ನೆಟ್ಟಗಿನ ವಸ್ತುವಿನ ನೆರಳು ಮಾಯವಾಗುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ, ಆಗಸ್ಟ್ 18ರ ಸುಮಾರು; ಗದಗಿನ ಕಡೆ ಮೇ ಮೊದಲ ವಾರ, ಆಗಸ್ಟ್ ಎರಡನೆಯ ವಾರ. ಅದಕ್ಕೆ ಯಾವ ಭಯವೂ ಅಂಟಿಕೊಂಡಿಲ್ಲ, ಖರ್ಚೂ ಇಲ್ಲ. ಒಂದು ತಂಬಿಗೆಯನ್ನು ಅಂಗಳದಲ್ಲಿಟ್ಟು ನಾಲ್ಕು ಮನೆಯವರು ಸುತ್ತ ಕೂತರೆ ಆಯಿತು. 2031ರ ಮೇ 21ರಂದು ಕೇರಳ, ತಮಿಳುನಾಡುಗಳಲ್ಲಿ ಮತ್ತೆ ಕಂಕಣ ಗ್ರಹಣವಾಗುತ್ತದೆ; ನಮಗೆ ಪಾರ್ಶ್ವವಾಗಿ ಕಾಣುತ್ತದೆ. ಅಷ್ಟರೊಳಗೆ ತಂಬಿಗೆಯ ನೆರಳು ನೋಡಿ ರೂಢಿಯಾದ ಓಣಿಯಲ್ಲಿ ಅಂದು ಯಾವ ಬಸುರಿಯೂ ಬಾಯಾರಿ ಮಲಗಬೇಕಾಗಿ ಬರಲಾರದು.